ಹೊಡೆತ ಹೊಡೆತಗಳ ನಡುವಣ ಬೆಟ್ಟ

ಗಾಲ್ಫ್ ಎಂಬುದನ್ನು ಆಟವೆಂದು ಕರೆಯುವುದೇ ಒಂದು ಬಗೆಯ ಔದಾರ್ಯವೆಂದು ಅದನ್ನು ಬೇಲಿಯ ಹೊರಗಿನಿಂದ ಕಂಡವರು ಹೇಳುವುದುಂಟು. ಅವರ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹದಿನೆಂಟು ಹೋಲ್‌ಗಳ ಒಂದು ಸುತ್ತನ್ನು ನಡೆದು ಮುಗಿಸುವುದಕ್ಕೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಆ ನಾಲ್ಕು ಗಂಟೆಗಳಲ್ಲಿ ಮಧ್ಯಮ ತರಗತಿಯ ಆಟಗಾರನೊಬ್ಬನು ಚೆಂಡನ್ನು ತೊಂಬತ್ತು ಸಲ, ಲೆಕ್ಕದಲ್ಲಿ ಪ್ರಾಮಾಣಿಕನೂ ಆಗಿದ್ದರೆ ನೂರು ಸಲ, ಹೊಡೆದಾನು. ಒಂದೊಂದು ಹೊಡೆತಕ್ಕೂ ಕೋಲನ್ನು ಹಿಂದಕ್ಕೆತ್ತಿ ಮುಂದಕ್ಕೆ ಬೀಸಿ ಮುಗಿಸುವುದಕ್ಕೆ ಬೇಕಾಗುವ ಕಾಲ ಎರಡು ಸೆಕೆಂಡಿಗಿಂತ ಮಿಗಿಲಲ್ಲ. ಎಂದಮೇಲೆ ಆಟವೆಂಬ ಆಟವೆಲ್ಲ ಮೂರು ನಾಲ್ಕು ನಿಮಿಷಗಳಲ್ಲಿ ತೀರಿಹೋಯಿತು. ಉಳಿದ ಹೊತ್ತಿನಲ್ಲೆಲ್ಲ ಆತನು ನಡೆಯುತ್ತಾನೆ, ಕಾಯುತ್ತಾನೆ, ಪೊದೆಗಳಲ್ಲಿ ಚೆಂಡನ್ನು ಅರಸುತ್ತಾನೆ, ಜೊತೆಗಾರನ ದೌರ್ಭಾಗ್ಯಕ್ಕೆ ಒಳಗೊಳಗೇ ಸಂತೋಷಪಡುತ್ತ ಹೊರಗೆ ಸಂತಾಪ ಸೂಚಿಸುತ್ತಾನೆ. ಮತ್ತು ಸುತ್ತಮುತ್ತ ನೋಡುತ್ತಾನೆ. ಈ ಕೊನೆಯ ಕ್ರಿಯೆಯೇ ನನ್ನ ಪ್ರಸ್ತುತ ವಿಷಯ.

ಬೇರೆ ಕ್ರೀಡೆಗಳಲ್ಲಿ ನೋಡುವ ಬಿಡುವು ಕಳ್ಳತನದಿಂದ ದೊರೆಯುವಂಥದು. ಹಾಕಿಯಾಡುವವನು ಸೂರ್ಯಾಸ್ತವನ್ನು ನೋಡುತ್ತ ನಿಂತರೆ ಅವನ ತಂಡದವರು ಸುಮ್ಮನಿರಲಾರರು; ಕ್ರಿಕೆಟ್ಟಿನಲ್ಲಿ ಬೌಂಡರಿಯ ಅಂಚಿಗೆ ನಿಂತವನು ಮೋಡಗಳ ಕಡೆಗೆ ಕಣ್ಣು ಹಾಯಿಸಬಹುದಾದರೂ ನಾಯಕನ ಭಯ ಅವನನ್ನು ಬಿಡದು. ಗಾಲ್ಫ್ ಒಂದರಲ್ಲಿಯೇ ದರ್ಶನದ ಅವಕಾಶ ಆಟದ ರಚನೆಯೊಳಗೇ ಸೇರಿಕೊಂಡಿದೆ. ಅದರ ಅಂಗಳಕ್ಕೆ ಗೆರೆಯೆಳೆದ ಗಾತ್ರವೆಂಬುದಿಲ್ಲ. ನೂರು ನೂರೈವತ್ತು ಎಕರೆಗಳ ನೆಲ, ಅದರ ಏರುತಗ್ಗು, ಅದರ ಮರಗಳು, ಅದರ ಆಚೆಗೆ ತೋರುವ ದಿಗಂತ, ಇವೆಲ್ಲ ಒಂದೂರಿನಿಂದ ಇನ್ನೊಂದೂರಿಗೆ ಬೇರೆಯಾಗುತ್ತವೆ. ಆದಕಾರಣ ಗಾಲ್ಫ್ ಆಡುವವರು ತಾವು ಆಡಿದ ಸ್ಥಳಗಳನ್ನು ಕುರಿತು ಮಾತನಾಡುವಾಗ ಅದು ಆಟದ ಮಾತೋ ಯಾತ್ರೆಯ ಮಾತೋ ಎಂಬುದನ್ನು ವಿಂಗಡಿಸುವುದು ಕಷ್ಟವಾಗುತ್ತದೆ.

ಇಲ್ಲಿ ಹುಟ್ಟುವ ಪ್ರಶ್ನೆ ಇದು. ಒಂದು ಕೋರ್ಸ್ ತನ್ನ ರಚನೆಯಲ್ಲಿ ಅತಿ ಸಾಧಾರಣವಾದದ್ದೆಂದು ಭಾವಿಸೋಣ. ನೇರವಾಗಿ ಹರಿದ ಫೇರ್‌ವೇ, ಕೊನೆಯಲ್ಲೊಂದು ದುಂಡನೆಯ ಗ್ರೀನ್, ಗ್ರೀನಿನ ಎಡಕ್ಕೊಂದು ಬಲಕ್ಕೊಂದು ಮರಳಿನ ಬಂಕರ್. ಮುಂದಿನ ಹೋಲ್ ಅದೇ ಅಚ್ಚಿನಲ್ಲಿ ತೆಗೆದದ್ದು, ಅದರ ಮುಂದಿನದೂ ಅದೇ. ಹೀಗೆ ಹೊಡೆಯಲೋ ಹಾಗೆ ಹೊಡೆಯಲೋ ಎಂದು ಆಟಗಾರನನ್ನು ಯೋಚನೆಗೆ ಹಚ್ಚುವ ಒಂದು ತಾಣವೂ ಅದರಲ್ಲಿಲ್ಲ. ಆದರೆ ಅದರ ಸುತ್ತ ನೀಲಿ ನೀಲಿಯಾದ ಗಿರಿಪಂಕ್ತಿ, ಕೆಳಗೆ ಕಣಿವೆ, ಮೇಲೆ ತಿಳಿಯಾದ ಆಕಾಶ. ಅಲ್ಲಿ ಆಡಿ ಬಂದವನು ಬಹು ಚೆನ್ನಾಗಿತ್ತು ಎಂದು ಹೇಳಿದರೆ ಆತನು ಮೆಚ್ಚಿದ್ದು ಏನನ್ನು? ಆತನ ಸಂತೋಷ ಗಾಲ್ಫಿನ ಸಂತೋಷವೇ, ಅಥವಾ ಗಾಲ್ಫಿನ ನೆಪದಲ್ಲಿ ದೊರೆತ ಬೇರೊಂದು ಸಂತೋಷವೇ?

ಶುದ್ಧಿವಾದಿಗಳೆನ್ನಬಹುದಾದ ಒಂದು ಪಂಥದವರು ಇದಕ್ಕೆ ನಿಷ್ಠುರವಾದ ಉತ್ತರ ಕೊಡುತ್ತಾರೆ. ಬೆಟ್ಟ ನೋಡಬೇಕಾದರೆ ಬೆಟ್ಟಕ್ಕೆ ಹೋಗಲಿ, ಗಾಲ್ಫಿಗೆ ಬಂದವನು ನೆಲವನ್ನು ನೋಡಲಿ ಎಂಬುದು ಅವರ ವಾದ. ಆಶ್ಚರ್ಯವೆಂದರೆ, ಗಾಲ್ಫ್ ಮೈದಾನಗಳ ವಿನ್ಯಾಸವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಅಗ್ರಗಣ್ಯನಾದ ಅಲಿಸ್ಟರ್ ಮೆಕೆಂಜಿ ಈ ವಾದವನ್ನು ಒಪ್ಪಲಿಲ್ಲ. ವೃತ್ತಿಯಿಂದ ವೈದ್ಯ, ಬೋಯರ್ ಯುದ್ಧದಲ್ಲಿ ಸೇವೆ ಸಲ್ಲಿಸಿ, ನೆಲದ ಬಣ್ಣಕ್ಕೂ ಇಳಿಜಾರಿಗೂ ಹೊಂದಿಕೊಂಡು ಶತ್ರುವಿನ ಕಣ್ಣಿಗೆ ಮರೆಯಾಗುವ ವಿದ್ಯೆಯನ್ನು ಅಲ್ಲಿ ಕಂಡು, ಅದೇ ವಿದ್ಯೆಯನ್ನು ಬಂಕರುಗಳ ರಚನೆಗೆ ತಿರುಗಿಸಿದವನು ಅವನು. 1920ರಲ್ಲಿ ಪ್ರಕಟವಾದ ತನ್ನ ಚಿಕ್ಕ ಪುಸ್ತಕದಲ್ಲಿ ಒಳ್ಳೆಯ ಕೋರ್ಸಿನ ಲಕ್ಷಣಗಳನ್ನು ಹದಿಮೂರಾಗಿ ಎಣಿಸುವಾಗ ಪರಿಸರದ ಚೆಲುವನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ. ತಮಗೆ ಸೊಬಗಿನ ಗೊಡವೆಯಿಲ್ಲ, ಆಟ ಚೆನ್ನಾಗಿದ್ದರೆ ಸಾಕು ಎಂದು ಜಂಬದಿಂದ ಹೇಳಿಕೊಳ್ಳುವವರೂ ತಮಗರಿಯದಂತೆಯೇ ಆ ಸೊಬಗಿಗೆ ಮನಸೋತಿರುತ್ತಾರೆಂಬುದು ಅವನ ಅಭಿಪ್ರಾಯದ ತಾತ್ಪರ್ಯ. ವೈದ್ಯನಾದುದರಿಂದ ರೋಗಿಯ ಮಾತಿಗಿಂತ ನಾಡಿಯನ್ನೇ ಹೆಚ್ಚಾಗಿ ನಂಬುವ ಅಭ್ಯಾಸ ಅವನಿಗಿದ್ದಿರಬೇಕು.

ತತ್ತ್ವವನ್ನು ಅಲ್ಲಿಗೆ ಬಿಟ್ಟು, ಕನ್ನಡಿಗರಲ್ಲಿ ಅನೇಕರು ಗಾಲ್ಫ್ ಎಂದರೇನೆಂದು ತಿಳಿಯದೆಯೇ ನೋಡಿರುವ ಒಂದು ಮೈದಾನಕ್ಕೆ ಹೋಗೋಣ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು, ಗೂಡಲೂರಿನ ಮೇಲೆ ಘಟ್ಟವನ್ನೇರಿ, ಪೈಕಾರವನ್ನು ದಾಟಿ ಉದಕಮಂಡಲವನ್ನು ಸಮೀಪಿಸುವಾಗ, ಅಲ್ಲಿಯವರೆಗೆ ಕಾಡಿನ ಇಕ್ಕಟ್ಟಿನಲ್ಲಿ ಬಂದ ಕಣ್ಣಿಗೆ ಥಟ್ಟನೆ ಬಯಲು ಬಿಚ್ಚಿಕೊಳ್ಳುತ್ತದೆ. ಅಲೆಯ ಮೇಲೆ ಅಲೆಯಾಗಿ ಹುಲ್ಲು ಹೊದ್ದ ದುಂಡು ದಿಣ್ಣೆಗಳು, ನಡುನಡುವೆ ಮರಗಳ ಕಪ್ಪು ತೋಪುಗಳು, ಎಲ್ಲೆಲ್ಲಿಯೂ ಬಿಸಿಲು ನೆರಳುಗಳ ಓಡಾಟ. 1891ರಿಂದ 1896ರವರೆಗೆ ಮದರಾಸಿನ ಗವರ್ನರನಾಗಿದ್ದ ಲಾರ್ಡ್ ವೆನ್ಲಾಕನ ಹೆಸರನ್ನು ಹೊತ್ತ ಈ ವೆನ್ಲಾಕ್ ಡೌನ್ಸ್ ಬಯಲಿನಲ್ಲಿ ಬಿಳಿಯರು ಕುದುರೆಯೇರಿ ನಾಯಿಗಳೊಡನೆ ನರಿಬೇಟೆಯಾಡಿದರು. ನಮ್ಮ ಕಾಲದಲ್ಲಿ ಚಲಚ್ಚಿತ್ರದ ನಾಯಕ ನಾಯಕಿಯರು ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಓಡಾಡಿದರು. ಇಲ್ಲಿಯೇ ಊಟಿ ಜಿಮ್ಖಾನಾ ಕ್ಲಬ್ಬಿನ ಹದಿನೆಂಟು ಹೋಲ್‌ಗಳ ಗಾಲ್ಫ್ ಮೈದಾನವಿರುವುದು.

ಆಟದ ದೃಷ್ಟಿಯಿಂದ ನೋಡಿದರೆ ಇದನ್ನು ದೊಡ್ಡ ಕೋರ್ಸ್ ಎನ್ನಲಾಗದು. ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳು ನಡೆಯುವ ಮೈದಾನಗಳು ಏಳು ಸಾವಿರ ಗಜಗಳನ್ನು ಮೀರಿ ಚಾಚಿಕೊಂಡಿರುತ್ತವೆ. ಇದು ಅವುಗಳಿಗಿಂತ ಬಹಳ ಗಿಡ್ಡ. ಜಾಣ್ಮೆಯಿಂದ ತೋಡಿದ ಬಂಕರುಗಳಾಗಲಿ, ಹತ್ತಾರು ಬಗೆಯ ಇಳುಕಲುಗಳನ್ನು ಒಳಗೊಂಡ ಗ್ರೀನುಗಳಾಗಲಿ ಇಲ್ಲಿ ಹೇರಳವಾಗಿಲ್ಲ. ನೆಲ ಹೇಗೆ ಏಳುತ್ತದೆಯೋ ಹೇಗೆ ಬೀಳುತ್ತದೆಯೋ ಹಾಗೆಯೇ ಆಟವೂ ಏಳುತ್ತದೆ, ಬೀಳುತ್ತದೆ. ಆದರೂ ಇಲ್ಲಿ ಆಡಿ ಅಪ್ರಸನ್ನನಾಗಿ ಹಿಂತಿರುಗಿದವನೊಬ್ಬನನ್ನೂ ನಾನು ಕಂಡಿಲ್ಲ. ಮೊದಲ ಹೊಡೆತ ಹೊಡೆಯುವ ಟೀ ಮೇಲೆ ನಿಂತು ಎದುರಿನ ಕಣಿವೆಯನ್ನೂ ಅದರಾಚೆಯ ದಿಣ್ಣೆಯ ಮೇಲೆ ಬೊಟ್ಟಿನಷ್ಟಾಗಿ ಕಾಣುವ ಬಾವುಟವನ್ನೂ ನೋಡಿದಾಗ ಉಸಿರು ತಾನಾಗಿ ದೀರ್ಘವಾಗುತ್ತದೆ. ಎರಡು ಸಾವಿರದ ಇನ್ನೂರು ಮೀಟರು ಎತ್ತರದ ಆ ಗಾಳಿಯ ತೆಳುವಿನಲ್ಲಿ ಚೆಂಡು ಬಯಲುಸೀಮೆಗಿಂತ ಹೆಚ್ಚುಕಡಮೆ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚು ದೂರ ಹಾರುತ್ತದೆ. ಪ್ರಕೃತಿಯ ಈ ಉಪಕಾರವನ್ನು ಆಟಗಾರನು ತನ್ನ ತೋಳಿನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತಾನೆ. ಎತ್ತರದ ಜಾಗವು ಕಣ್ಣಿಗೆ ನೋಟವನ್ನೂ ಅಹಂಕಾರಕ್ಕೆ ಆಹಾರವನ್ನೂ ಏಕಕಾಲದಲ್ಲಿ ಒದಗಿಸುವಾಗ ಬಂಕರುಗಳ ವಿನ್ಯಾಸವನ್ನು ವಿಮರ್ಶಿಸುವ ವ್ಯವಧಾನ ಯಾರಿಗಿದ್ದೀತು?

ಅಲ್ಲಿ ನನಗೆ ಕೋಲುಚೀಲ ಹೊತ್ತ ಕ್ಯಾಡಿ ಗುಂಡ್ಲುಪೇಟೆಯ ಕಡೆಯವನು. ನಾನು ಹೊಡೆಯುವುದಕ್ಕೆ ಮೊದಲು ಬೆಟ್ಟವನ್ನೂ ಹೊಡೆದ ಮೇಲೆ ಬೆಟ್ಟವನ್ನೂ ನೋಡುತ್ತ ನಿಲ್ಲುವುದನ್ನು ಕೆಲವು ಹೋಲ್‌ಗಳವರೆಗೆ ಸಹಿಸಿಕೊಂಡಿದ್ದು ಕೊನೆಗೆ ಹೇಳಿದ: “ಬೆಟ್ಟ ಎಲ್ಗೂ ವೋಗಲ್ಲ ಸಾ, ಚೆಂಡು ವೋಯ್ತದ, ಅದ ನೋಡ್ಕಳಿ.” ಶುದ್ಧಿವಾದಿಗಳ ಸಿದ್ಧಾಂತವನ್ನು ಇದಕ್ಕಿಂತ ಸಂಕ್ಷೇಪವಾಗಿ ನಿರೂಪಿಸಿದವರನ್ನು ನಾನರಿಯೆ.

ಆ ಸೌಂದರ್ಯದ ಹುಟ್ಟನ್ನು ಕುರಿತು ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾವು ನೀಲಗಿರಿಯ ಸಹಜ ಸೊಬಗೆಂದು ಮೆಚ್ಚುವುದರಲ್ಲಿ ಬಹುಭಾಗ ಪರದೇಶದಿಂದ ಬಂದದ್ದು. ಬ್ರಿಟಿಷ್ ಅಧಿಕಾರಿ ಜಾನ್ ಸುಲಿವನ್ 1819ರಲ್ಲಿ ಈ ಮಲೆಯನ್ನು ಹತ್ತಿ ಬಂದಾಗ ಇಲ್ಲಿದ್ದುದು ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು ಮತ್ತು ಮಡಿಲುಗಳಲ್ಲಿ ಅಡಗಿದ ಶೋಲಾ ಕಾಡುಗಳು. ನೀಲಗಿರಿ ಮರವೆಂದೇ ನಾವು ಹೆಸರಿಟ್ಟುಕೊಂಡಿರುವ ಮರ ಆಸ್ಟ್ರೇಲಿಯದ್ದು. ವಾಟಲ್ ಕೂಡ ಅಲ್ಲಿಯದೇ. ದಿಣ್ಣೆಗಳ ಪಕ್ಕೆಯಲ್ಲಿ ಹಳದಿ ಹೂ ಬಿಡುವ ಮುಳ್ಳುಪೊದೆ ಗಾರ್ಸ್ ಎಂಬುದು ಬ್ರಿಟನ್ನಿನಿಂದ ಬಂದದ್ದು, ಸ್ಕಾಟ್ಲೆಂಡಿನ ಗಾಲ್ಫ್ ಬಯಲುಗಳಲ್ಲಿ ಚೆಂಡುಗಳನ್ನು ನುಂಗುವ ಅದೇ ಪೊದೆ. ತವರಿನ ಹಂಬಲದಿಂದ ಬಿಳಿಯರು ಆಟವನ್ನು ಮಾತ್ರವಲ್ಲದೆ ಆಟದ ಮುಳ್ಳನ್ನೂ ಸಂಗಡ ತಂದರು. ಆ ಪೊದೆ ಈಗ ಹುಲ್ಲುಗಾವಲನ್ನೇ ಆಕ್ರಮಿಸುತ್ತಿದೆಯೆಂದು ಸಸ್ಯಶಾಸ್ತ್ರಜ್ಞರು ಚಿಂತಿಸುತ್ತಾರೆ. ಕಣ್ಣಿಗೆ ಈ ಇತಿಹಾಸ ಕಾಣುವುದಿಲ್ಲ. ಕಣ್ಣು ಹಳದಿಯನ್ನಷ್ಟೇ ಕಾಣುತ್ತದೆ.

ಈಗ ಮೂಲಪ್ರಶ್ನೆಗೆ ಬರೋಣ. ನಮ್ಮ ಆಲಂಕಾರಿಕರು ರಸನಿಷ್ಪತ್ತಿಯ ಸಾಮಗ್ರಿಯನ್ನು ವಿವೇಚಿಸುವಾಗ ವಿಭಾವವನ್ನು ಎರಡಾಗಿ ವಿಂಗಡಿಸಿದರು. ಯಾವುದನ್ನು ಅವಲಂಬಿಸಿ ಭಾವವು ಉದಿಸುವುದೋ ಅದು ಆಲಂಬನ. ಉದಿಸಿದ ಭಾವವನ್ನು ಯಾವ ಬೆಳುದಿಂಗಳು, ಯಾವ ಮಂದಾನಿಲ, ಯಾವ ಉಪವನ ಪ್ರಜ್ವಲಿಸುವಂತೆ ಮಾಡುವುದೋ ಅದು ಉದ್ದೀಪನ. ದುಷ್ಯಂತನಿಗೆ ಶಕುಂತಲೆ ಆಲಂಬನ. ಮಾಲಿನೀತೀರವೂ ಅಲ್ಲಿಯ ಲತಾಮಂಟಪವೂ ಉದ್ದೀಪನ. ಶಕುಂತಲೆಯಿಲ್ಲದ ಮಾಲಿನೀತೀರ ಸೊಗಸಾದ ಒಂದು ನದಿಯ ದಡ, ಅಷ್ಟೆ. ಅಲ್ಲಿ ನಾಟಕ ನಡೆಯದು. ಮಾಲಿನೀತೀರವಿಲ್ಲದೆ ಶಕುಂತಲೆಯೊಬ್ಬಳೇ ಇದ್ದರೂ ನಾಟಕಕ್ಕೆ ಅಂತಹ ಲೋಪವೇನೂ ಒದಗುತ್ತಿರಲಿಲ್ಲ. ಗಾಲ್ಫಿನಲ್ಲಿ ಆಲಂಬನವು ನೆಲ: ಅದರ ಇಳುಕಲು, ಅದರ ಅಪಾಯ, ಹೀಗೆ ಬಂದರೆ ಲಾಭ ಹಾಗೆ ಬಂದರೆ ನಷ್ಟವೆಂದು ಅದು ಒಡ್ಡುವ ಪ್ರಲೋಭನೆ. ಗಿರಿ, ಕಡಲು, ಕಣಿವೆ, ಕಾಡುಗಳು ಉದ್ದೀಪನ. ಊಟಿಯಲ್ಲಿ ಉದ್ದೀಪನವು ಹೇರಳವಾಗಿಯೂ ಆಲಂಬನವು ಮಿತವಾಗಿಯೂ ಇದೆ. ಆದರೆ ಮಿತವಾಗಿದ್ದರೂ ಇಲ್ಲದಿಲ್ಲ. ಚೆಂಡೊಂದಿದೆ, ನಾಲ್ಕೂಕಾಲು ಅಂಗುಲದ ಗುಳಿಯೊಂದಿದೆ, ಇದನ್ನು ಅದರೊಳಗೆ ಸೇರಿಸಬೇಕೆಂಬ ಅವಿವೇಕದ ಹಟವೊಂದಿದೆ. ಆ ಕಿಡಿಯಷ್ಟು ಭಾವವಿದ್ದರೆ ನೀಲಗಿರಿಯ ಗಾಳಿ ಅದನ್ನು ಊದಿ ಉರಿಸಬಲ್ಲದು. ಸಾಮಾನ್ಯ ಗಾಯಕನ ಕಛೇರಿಗೆ ಚೌಡಯ್ಯನವರು ಪಿಟೀಲು ಹಿಡಿದು ಕುಳಿತರೆ ಶ್ರೋತೃಗಳು ತೃಪ್ತರಾಗಿಯೇ ಮನೆಗೆ ಹೋಗುವರಷ್ಟೆ? ಆ ತೃಪ್ತಿ ಸುಳ್ಳಲ್ಲ. ಗಾಯಕನು ಅದನ್ನು ತನ್ನದೆಂದುಕೊಂಡರೆ ಮಾತ್ರ ಪ್ರಮಾದ.

ಹಳೆಯ ಕಾವ್ಯಲಕ್ಷಣದಲ್ಲಿ ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಅವಶ್ಯವೆಂಬ ನಿಯಮವಿದ್ದುದನ್ನು ಇಲ್ಲಿ ನೆನೆಯುವುದು ತಪ್ಪಾಗಲಾರದು. ಪುರ, ಅರ್ಣವ, ಶೈಲ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಎಂದು ಮೊದಲಾಗುವ ಆ ಪಟ್ಟಿಯ ಸಂಖ್ಯೆಯೂ ಗಾಲ್ಫಿನ ಹೋಲ್‌ಗಳ ಸಂಖ್ಯೆಯೂ ಒಂದೇ ಆಗಿರುವುದು ಕೇವಲ ಆಕಸ್ಮಿಕ. ಸೇಂಟ್ ಆಂಡ್ರೂಸಿನಲ್ಲಿ 1764ರಲ್ಲಿ ಮೊದಲ ನಾಲ್ಕು ಹೋಲ್‌ಗಳನ್ನು ಎರಡಾಗಿ ಕೂಡಿಸಿದಾಗ, ಹೋಗುವಾಗಲೂ ಬರುವಾಗಲೂ ಅವನ್ನೇ ಆಡುತ್ತಿದ್ದುದರಿಂದ, ಇಪ್ಪತ್ತೆರಡು ಹದಿನೆಂಟಾಯಿತೇ ಹೊರತು ಅದರ ಹಿಂದೆ ಲಾಕ್ಷಣಿಕರ ಕೈವಾಡವೇನೂ ಇರಲಿಲ್ಲ. ಆದರೆ ದೋಷದಲ್ಲಿ ಇವೆರಡಕ್ಕೂ ನಂಟುಂಟು. ಕಥೆಯಲ್ಲಿ ಕಸುವಿಲ್ಲದ ಕವಿ ಚಂದ್ರೋದಯದ ಮೇಲೆ ಚಂದ್ರೋದಯವನ್ನು ಹೇರಿ ಓದುಗನನ್ನು ಸಾಗಹಾಕುವಂತೆ, ನೆಲದಲ್ಲಿ ಕಲ್ಪನೆಯಿಲ್ಲದ ವಿನ್ಯಾಸಕಾರನು ಟೀಗಳನ್ನೆಲ್ಲ ಎತ್ತರದ ದಿಬ್ಬಗಳಿಗೆ ಏರಿಸಿ ಪ್ರತಿಯೊಂದು ಹೋಲ್‌ನಲ್ಲಿಯೂ ನೋಟವನ್ನು ಬಡಿಸುತ್ತಾನೆ. ಓದುಗನಾಗಲಿ ಆಟಗಾರನಾಗಲಿ ಒಂಬತ್ತನೆಯದರ ಹೊತ್ತಿಗೆ ಆಕಳಿಸುತ್ತಾನೆ.

ಉದ್ದೀಪನದ ಹಂಗಿಲ್ಲದೆ ಆಲಂಬನ ಮಾತ್ರದಿಂದ ರಸವು ಸಿದ್ಧಿಸುವುದಕ್ಕೆ ನಿದರ್ಶನ ಬೇಕಾದರೆ ಆ ಸೇಂಟ್ ಆಂಡ್ರೂಸಿನ ಹಳೆಯ ಕೋರ್ಸನ್ನೇ ನೋಡಬೇಕು. ಗಾಲ್ಫಿನ ಕಾಶಿಯೆಂದು ಜಗತ್ತು ಕೈಮುಗಿಯುವ ಆ ನೆಲ ಮೊದಲ ನೋಟಕ್ಕೆ ಒಂದು ಹಾಳುಬಿದ್ದ ಬಯಲು. ಕಡಲು ಪಕ್ಕದಲ್ಲಿಯೇ ಇದ್ದರೂ ನಡುವೆ ಬೇರೆ ಮೈದಾನಗಳೂ ಮರಳುದಿಣ್ಣೆಗಳೂ ಅಡ್ಡವಾಗಿ ಬಹುಮಟ್ಟಿಗೆ ಕಾಣಿಸದು; ಮರಗಳಿಲ್ಲ; ಬೂದುಬಣ್ಣದ ಊರೊಂದು ಅಂಚಿನಲ್ಲಿ ನಿಂತಿದೆ. 1946ರಲ್ಲಿ ಓಪನ್ ಸ್ಪರ್ಧೆಗಾಗಿ ಬಂದ ಅಮೆರಿಕದ ಸ್ಯಾಮ್ ಸ್ನೀಡ್ ರೈಲಿನ ಕಿಟಕಿಯಿಂದ ಇದನ್ನು ನೋಡಿ, ಯಾರೋ ಬಿಟ್ಟುಹೋದ ಹಳೆಯ ಗಾಲ್ಫ್ ಮೈದಾನವೆಂದು ಭಾವಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಆ ವರ್ಷದ ಪ್ರಶಸ್ತಿಯನ್ನು ಅವನೇ ಗೆದ್ದ. ಇನ್ನೊಬ್ಬ ಆಟಗಾರ ಬಾಬಿ ಜೋನ್ಸನ ವಿಷಯ ಇನ್ನೂ ಸ್ವಾರಸ್ಯವಾದದ್ದು. 1921ರಲ್ಲಿ ಹತ್ತೊಂಬತ್ತು ವರ್ಷ ವಯಸ್ಸಿನ ಆ ತರುಣನು ಇಲ್ಲಿಯ ಹನ್ನೊಂದನೆಯ ಹೋಲ್‌ನ ಬಂಕರಿನಲ್ಲಿ ಸಿಕ್ಕಿಬಿದ್ದು, ರೋಸಿ, ಸ್ಪರ್ಧೆಯನ್ನೇ ತ್ಯಜಿಸಿದ. ಅದೇ ಜೋನ್ಸ್ 1927ರಲ್ಲಿ ಇಲ್ಲಿ ಓಪನ್ ಪ್ರಶಸ್ತಿಯನ್ನೂ 1930ರಲ್ಲಿ ಅಮೆಚೂರ್ ಪ್ರಶಸ್ತಿಯನ್ನೂ ಗೆದ್ದು, 1958ರಲ್ಲಿ ಊರಿನವರಿಂದ ಗೌರವ ಪೌರತ್ವವನ್ನು ಸ್ವೀಕರಿಸುವ ಹೊತ್ತಿಗೆ ಈ ನೆಲದ ಪರಮಭಕ್ತನಾಗಿಬಿಟ್ಟಿದ್ದ. ಆ ನೆಲದ ಗುಣ ಕಣ್ಣಿಗೆ ಕಾಣದು, ಕಾಲಿಗೂ ಚೆಂಡಿಗೂ ಕಾಣುತ್ತದೆ. ನೂರಕ್ಕೆ ಮೇಲ್ಪಟ್ಟ ಬಂಕರುಗಳಲ್ಲಿ ಅನೇಕವು ಟೀಯಿಂದ ನೋಡಿದವನಿಗೆ ಮರೆಯಾಗಿವೆ. ಏಳು ಜೋಡಿ ಗ್ರೀನುಗಳಲ್ಲಿ ಹೋಗುವವರೂ ಬರುವವರೂ ಒಂದೇ ಹುಲ್ಲಿನ ಮೇಲೆ ಎದುರಾಗುತ್ತಾರೆ. ನಿನ್ನೆಯ ಗಾಳಿಗೆ ಸರಿಯಾಗಿದ್ದ ದಾರಿ ಇಂದಿನ ಗಾಳಿಗೆ ಸಲ್ಲದು. ಗುರಿಯಿಡುವುದಕ್ಕೆ ಕ್ಯಾಡಿಗಳು ಊರಿನ ಚರ್ಚುಗಳ ಶಿಖರಗಳನ್ನು ತೋರಿಸುತ್ತಾರೆ. ದೃಶ್ಯವು ಅಲ್ಲಿ ಅಲಂಕಾರವಲ್ಲ, ಉಪಕರಣ.

ಸ್ಮೃತಿಯನ್ನು ಸಾಕ್ಷಿಗೆ ಕರೆದರೆ ಈ ಎರಡು ಬಗೆಯ ಸಂತೋಷಗಳ ಅಂತರ ಸ್ಪಷ್ಟವಾದೀತು. ಊಟಿಯ ಹದಿನೆಂಟು ಹೋಲ್‌ಗಳಲ್ಲಿ ಮೂರನ್ನು ಕ್ರಮವಾಗಿ ವರ್ಣಿಸೆಂದರೆ ನನ್ನಿಂದಾಗದು; ಅಲ್ಲಿಯ ಬೆಳಕು, ಹುಲ್ಲಿನ ಮೇಲೆ ಓಡಿದ ಮೋಡದ ನೆರಳು, ಚಳಿಗೆ ಮರಗಟ್ಟಿದ ಬೆರಳು, ಇವು ಚೆನ್ನಾಗಿ ನೆನಪಿವೆ. ಸೇಂಟ್ ಆಂಡ್ರೂಸಿನ ಹದಿನೇಳನೆಯ ಹೋಲನ್ನಾದರೋ ಅಲ್ಲಿಗೆ ಎಂದೂ ಕಾಲಿಡದವರು ಸಹ, ನಕ್ಷೆಯನ್ನು ನೋಡಿಯೋ ಟೆಲಿವಿಷನ್ನಿನಲ್ಲಿ ಕಂಡೋ, ಬಂಕರು ಎಲ್ಲಿ, ರಸ್ತೆ ಎಲ್ಲಿ, ಗೋಡೆ ಎಲ್ಲಿ ಎಂದು ಬಾಯಲ್ಲೇ ಹೇಳಬಲ್ಲರು.

ಉದ್ದೀಪನವೇ ಆಲಂಬನವಾಗಿ ಪರಿಣಮಿಸುವ ಅಪೂರ್ವ ಸಂದರ್ಭಗಳೂ ಉಂಟು. ಕ್ಯಾಲಿಫೋರ್ನಿಯದ ಪೆಬಲ್ ಬೀಚ್ 1919ರಲ್ಲಿ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯನಾದ ಜಾಕ್ ನೆವಿಲ್ ಅದಕ್ಕೆ ಮೊದಲು ಮೈದಾನ ನಿರ್ಮಿಸಿದವನಲ್ಲ. ನಿವೇಶನಗಳನ್ನು ಮಾರುವ ಉದ್ಯೋಗಿ, ಜೊತೆಗೆ ಒಳ್ಳೆಯ ಹವ್ಯಾಸಿ ಆಟಗಾರ. ಆದಷ್ಟು ಹೆಚ್ಚು ಹೋಲ್‌ಗಳು ಕಡಲಂಚಿಗೆ ಬರಬೇಕೆಂಬ ಒಂದೇ ಆಸೆಯಿಂದ ಮಾರ್ಗವನ್ನು ಎಂಟರ ಅಂಕಿಯ ಆಕಾರದಲ್ಲಿ ತಿರುಗಿಸಿದ. ಎಂಟನೆಯ ಹೋಲ್‌ನಲ್ಲಿ ಎರಡನೆಯ ಹೊಡೆತವನ್ನು ಕಡಲು ಕೊರೆದ ಕಮರಿಯ ಮೇಲೆ ಹಾಯಿಸಬೇಕು. ಅಲ್ಲಿ ಪ್ರಪಾತವು ಕಣ್ಣಿಗೆ ರುದ್ರರಮಣೀಯವಾಗಿರುವುದು ಮಾತ್ರವಲ್ಲ, ಅದೇ ಆಟಗಾರನ ಎದುರಾಳಿ. ಅದರ ಚೆಲುವನ್ನೂ ಅದರ ಭಯವನ್ನೂ ಬಿಡಿಸಲಾಗದು. ಜಾಕ್ ನಿಕ್ಲಾಸನಂಥ ಮಹಾಪಟು ಗಾಲ್ಫಿನಲ್ಲೆಲ್ಲ ತನಗೆ ಅತ್ಯಂತ ಪ್ರಿಯವಾದ ಎರಡನೆಯ ಹೊಡೆತ ಅದೇ ಎಂದು ಹೇಳಿರುವುದರಲ್ಲಿ ಸೋಜಿಗವಿಲ್ಲ. ಆದರೆ ಅದೇ ಪೆಬಲ್ ಬೀಚಿನಲ್ಲಿ ಹತ್ತನೆಯದನ್ನು ಮುಗಿಸಿ ಕಡಲಿಗೆ ಬೆನ್ನು ತಿರುಗಿಸಿದ ಮೇಲೆ ಬರುವ ಆರು ಹೋಲ್‌ಗಳು ಸಾಮಾನ್ಯವೆಂದು ದೂರುವ ವಿಮರ್ಶಕರು ಮೊದಲಿನಿಂದಲೂ ಇದ್ದಾರೆ. ಅವು ಬೇರೆಲ್ಲಿಯಾದರೂ ಇದ್ದಿದ್ದರೆ ಯಾರೂ ದೂರುತ್ತಿರಲಿಲ್ಲ, ಪ್ರಾಯಶಃ ಹೊಗಳುತ್ತಲೂ ಇದ್ದರು. ಅತಿಶಯವಾದ ಸೌಂದರ್ಯವು ತನ್ನ ನೆರೆಯ ಸಾಧಾರಣವನ್ನು ಕೆಲವೊಮ್ಮೆ ಮೇಲಕ್ಕೆತ್ತುವಂತೆಯೇ ಕೆಲವೊಮ್ಮೆ ಕೆಳಕ್ಕೂ ತಳ್ಳುವುದೆಂಬುದನ್ನು ಇದು ತೋರಿಸುತ್ತದೆ.

ಇದುವರೆಗೆ ಹೇಳಿದ್ದೆಲ್ಲ ಅತಿಥಿಯ ಅನುಭವ. ಪ್ರತಿನಿತ್ಯ ಅದೇ ನೆಲದಲ್ಲಿ ಆಡುವ ಸದಸ್ಯನ ಪಾಡೇನು? ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಬುಡದಲ್ಲಿ, ಕುದುರೆ ಪಂದ್ಯದ ಅಂಗಳಕ್ಕೆ ಹೊಂದಿಕೊಂಡು ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನವಿದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ದಿಬ್ಬದ ಮೇಲೆ ಬೆಳ್ಳಗೆ ಹೊಳೆಯುವ ಲಲಿತಮಹಲ್ ಅರಮನೆ. ಇದಕ್ಕಿಂತ ಸೊಗಸಾದ ಹಿನ್ನೆಲೆಯನ್ನು ಕೇಳುವುದು ದುರಾಸೆ. ಹೊರಗಿನಿಂದ ಬಂದವರು ಪ್ರತಿ ಟೀ ಮೇಲೂ ನಿಂತು ಬೆಟ್ಟದ ಚಿತ್ರ ತೆಗೆಯುತ್ತಾರೆ. ಮುಂಜಾನೆಯ ಮಬ್ಬಿನಲ್ಲಿ ಬಂದು ಬಿಸಿಲೇರುವ ಮುನ್ನ ಮನೆ ಸೇರುವ ಹಿರಿಯ ಸದಸ್ಯರು ಬೆಟ್ಟದ ಕಡೆಗೆ ತಲೆಯೆತ್ತುವುದು ಮಳೆಯ ಅಂದಾಜಿಗಾಗಿ ಮಾತ್ರ. ನಿತ್ಯಪರಿಚಯದಿಂದ ದೃಶ್ಯವು ಸವೆಯುತ್ತದೆ, ನೆಲ ಸವೆಯುವುದಿಲ್ಲ. ದಿನದಿನವೂ ಹೊಸ ಗಾಳಿ, ಹೊಸ ಹಸಿ, ಹೊಸ ಜಾಗದಲ್ಲಿ ತೋಡಿದ ಗುಳಿ. ಕೋರ್ಸಿನ ಸ್ವಂತ ಯೋಗ್ಯತೆಯನ್ನು ಅಳೆಯುವ ಹಕ್ಕು ನಿಜವಾಗಿ ಇರುವುದು ಸದಸ್ಯನಿಗೆ. ಪತ್ರಿಕೆಗಳಲ್ಲಿ ಬರೆಯುವವರು ಮಾತ್ರ ಯಾವಾಗಲೂ ಅತಿಥಿಗಳು.

ಹಾಗೆಂದು ಸದಸ್ಯನಿಗೆ ಬೆಟ್ಟದಿಂದ ಏನೂ ಸಲ್ಲುತ್ತಿಲ್ಲವೆಂದು ನಾನು ಹೇಳಲಾರೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿದ್ವಾಂಸನು ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದ ಹಾಸಿಗೆಯವರು ಇಟ್ಟಿಗೆಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದೂ ತೀವ್ರವಾದ ನೋವುನಿವಾರಕಗಳನ್ನು ಕಡಮೆ ತೆಗೆದುಕೊಂಡರೆಂದೂ ತೋರಿಸಿದ. ಮಿಷಿಗನ್ ವಿಶ್ವವಿದ್ಯಾಲಯದ ಕಪ್ಲಾನ್ ದಂಪತಿಗಳು, ಬುದ್ಧಿಪೂರ್ವಕವಾಗಿ ಒಂದೇ ಕಡೆ ನೆಟ್ಟ ಗಮನವು ದಣಿಯುವುದೆಂದೂ, ಮೋಡ ಎಲೆ ನೀರುಗಳಂಥ ಮೃದುವಾದ ಆಕರ್ಷಣೆಗಳು ಮನಸ್ಸಿನಿಂದ ಏನನ್ನೂ ಬೇಡದೆ ಅದನ್ನು ಹಿಡಿದಿಟ್ಟು ಆ ದಣಿವನ್ನು ಆರಿಸುವುವೆಂದೂ ವಾದಿಸಿದರು. ಅವರ ಮನಸ್ಸಿನಲ್ಲಿ ಗಾಲ್ಫ್ ಇರಲಿಲ್ಲ. ಆದರೆ ಎರಡು ಸೆಕೆಂಡುಗಳ ತೀಕ್ಷ್ಣವಾದ ಏಕಾಗ್ರತೆ, ಅನಂತರ ಕೆಲವು ನಿಮಿಷಗಳ ಹಸಿರು ನಡಿಗೆ, ಮತ್ತೆ ಏಕಾಗ್ರತೆ, ಎಂಬ ಈ ಆಟದ ಲಯಕ್ಕೆ ಅವರ ಮಾತು ಎಷ್ಟು ಸರಿಯಾಗಿ ಹೊಂದುತ್ತದೆ! ನೋಡುತ್ತಿದ್ದೇನೆಂದು ತಿಳಿಯದೆಯೇ ಆ ಹಿರಿಯರು ಬೆಟ್ಟವನ್ನು ನೋಡುತ್ತಿರಬೇಕು.

ಪರಿಚಯವು ಸೌಂದರ್ಯವನ್ನು ಸವೆಸುವುದಷ್ಟೇ ಅಲ್ಲ, ಇಲ್ಲದ ಕಡೆ ಹುಟ್ಟಿಸುವುದೂ ಉಂಟು. ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ, ಜಾನ್ ಟೇಲರ್ ಕಂಪನಿಯ ಕಾಲದಿಂದ ಬೆಳೆದ ಸೈನೈಡ್ ದಿಬ್ಬಗಳ ನೆರೆಯಲ್ಲಿ, ಬಿಳಿಯ ಅಧಿಕಾರಿಗಳು ಗಾಲ್ಫ್ ಆಡಿದರು. ಅವರ ತರುವಾಯ ನಮ್ಮವರು ಆಡಿದರು. 2001ರಲ್ಲಿ ಗಣಿಗಳು ಮುಚ್ಚಿದವು. ಹೊರಗಿನವನ ಕಣ್ಣಿಗೆ ಆ ದಿಬ್ಬಗಳು ಭೂಮಿಯ ಮೇಲಿನ ಗಾಯಗಳು. ಅಲ್ಲಿ ಹುಟ್ಟಿ ಬೆಳೆದವರೊಡನೆ ಮಾತನಾಡಿ ನೋಡಿ. ಸಂಜೆಯ ಬಿಸಿಲಿನಲ್ಲಿ ಅವು ಹೇಗೆ ಕಾಣುತ್ತಿದ್ದುವೆಂದು ಅವರು ವರ್ಣಿಸುವಾಗ ಧ್ವನಿಯೇ ಬೇರೆಯಾಗುತ್ತದೆ.

ಯಾರಿಗೆ ದೃಶ್ಯದಿಂದ ಅತ್ಯಧಿಕ ಪ್ರಯೋಜನ ಎಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ: ನನ್ನಂಥ ಮಂದ ಆಟಗಾರನಿಗೆ. ಪಟುವಾದವನಿಗೆ ಸಾಧಾರಣ ಕೋರ್ಸ್ ಬೇಸರ ತರಿಸುತ್ತದೆ, ಏಕೆಂದರೆ ಅದು ಅವನನ್ನು ಏನನ್ನೂ ಕೇಳುವುದಿಲ್ಲ. ನಮಗಾದರೋ ನೇರವಾದ ಫೇರ್‌ವೇಯೇ ಸಾಕಷ್ಟು ಕ್ಲಿಷ್ಟವಾದ ಸಮಸ್ಯೆ. ಚೆಂಡು ಪೊದೆಯೊಳಕ್ಕೆ ಹೋದಾಗ ದೂರದ ಗಿರಿಶಿಖರದ ಕಡೆಗೆ ತಿರುಗಿ ಗಂಭೀರವಾದ ಮುಖಮುದ್ರೆ ತಾಳುವ ಅನುಕೂಲ ಸಾಮಾನ್ಯವಾದುದಲ್ಲ. ಕೈಚೀಟಿಯಲ್ಲಿ ಏರುತ್ತಿರುವ ಅಂಕಿಗಳಿಗೂ ಜೊತೆಗಾರನ ಮೌನಕ್ಕೂ ಅದೊಂದು ತೆರೆ. ಆದರೆ ಈ ಗಿರಿಗಳನ್ನು ಸಂಪೂರ್ಣ ನಂಬುವಂತಿಲ್ಲ. ಕೊಲರಾಡೊದ ಬ್ರಾಡ್‌ಮೂರ್ ಮೈದಾನದಲ್ಲಿ ಬೆಟ್ಟದ ಇಳಿಜಾರು ನೆಲದ ಮಟ್ಟವನ್ನು ಕುರಿತು ಕಣ್ಣಿಗೆ ಭ್ರಾಂತಿಯನ್ನುಂಟುಮಾಡಿ, ಗ್ರೀನಿನಲ್ಲಿ ಮೇಲಕ್ಕೆ ತೋರುವ ಹೊಡೆತ ಕೆಳಕ್ಕೆ ಓಡುವುದೆಂದು ಪ್ರತೀತಿ. ಚೆಂಡು ಬೆಟ್ಟದ ಮೇಲಿನ ವಿಲ್ ರೋಜರ್ಸ್ ಸ್ಮಾರಕದಿಂದ ದೂರಕ್ಕೆ ಹೊರಳುವುದೆಂಬ ಸೂತ್ರವನ್ನು ಕ್ಯಾಡಿಗಳು ಹೊಸಬರಿಗೆ ಮೊದಲೇ ಉಪದೇಶಿಸುತ್ತಾರೆ. ಅಲ್ಲಿ ಉದ್ದೀಪನವು ಆಲಂಬನದ ಮೇಲೆ ಪಿತೂರಿ ನಡೆಸುತ್ತಿದೆಯೆನ್ನಬೇಕು.

ದೃಶ್ಯಕ್ಕೆ ಮರುಳಾಗಿ ಮೈದಾನವನ್ನೇ ಹುಟ್ಟಿಸಿದವರೂ ಇದ್ದಾರೆ. ಶಿಮ್ಲಾದ ಬಳಿಯ ನಾಲ್ದೇರಾದಲ್ಲಿ ದೇವದಾರು ಮರಗಳ ನಡುವೆ ಬಿಡಾರ ಹೂಡಿದ ವೈಸರಾಯ್ ಕರ್ಜನ್ ಆ ಸ್ಥಳಕ್ಕೆ ಎಷ್ಟು ಮನಸೋತನೆಂದರೆ ಅಲ್ಲಿ ಗಾಲ್ಫ್ ಮೈದಾನ ಮಾಡಿಸಿದ್ದು ಮಾತ್ರವಲ್ಲದೆ 1904ರಲ್ಲಿ ಹುಟ್ಟಿದ ಮಗಳ ಹೆಸರಿನಲ್ಲಿಯೂ ಆ ಊರನ್ನು ಸೇರಿಸಿದ. ಇಳಿಜಾರಿನಲ್ಲಿ ಚೆಂಡು ನಿಲ್ಲುವುದೇ ಎಂದು ಆಗ ಯಾರೂ ವಿಚಾರಿಸಿದಂತೆ ತೋರದು.

ನಮ್ಮ ದಿನಗಳಲ್ಲಿ ಈ ಸಂಬಂಧ ತಲೆಕೆಳಗಾಗುತ್ತಿದೆ. ಬೆಂಗಳೂರಿನ ಉತ್ತರಕ್ಕೆ ನಂದಿಬೆಟ್ಟದ ಸೀಮೆಯಲ್ಲಿಯೂ, ದೇಶದ ಬೇರೆ ನಗರಗಳ ಹೊರವಲಯಗಳಲ್ಲಿಯೂ, ಬಂಗಲೆಗಳ ಸಾಲಿನ ನಡುವೆ ಗಾಲ್ಫ್ ಮೈದಾನಗಳು ಹುಟ್ಟಿಕೊಂಡಿವೆ. ಅಲ್ಲಿ ಬೆಲೆ ಕಟ್ಟುವುದು ನೋಟಕ್ಕೆ. ಫೇರ್‌ವೇಗೆ ಮುಖಮಾಡಿದ ಮನೆಗೆ ಒಂದು ಬೆಲೆ, ಬೆನ್ನುಮಾಡಿದ ಮನೆಗೆ ಇನ್ನೊಂದು. ಮನೆ ಕೊಳ್ಳುವವರಲ್ಲಿ ಬಹುಮಂದಿ ಆಡುವವರಲ್ಲ. ಅವರಿಗೆ ಬೇಕಾದದ್ದು ಕೈಸಾಲೆಯಿಂದ ಕಾಣುವ ಹಸಿರು, ಒಂದಿಷ್ಟು ನೀರು, ಹಿಂದೆ ಬೆಟ್ಟದ ಗೆರೆ. ಬಂಕರು ಎಲ್ಲಿದ್ದರೆ ಆಟ ಹದವಾಗುವುದೆಂಬುದಕ್ಕಿಂತ ಎಲ್ಲಿದ್ದರೆ ಎರಡನೆಯ ಅಂತಸ್ತಿನಿಂದ ಚೆನ್ನಾಗಿ ಕಾಣುವುದೆಂಬುದೇ ಅಲ್ಲಿ ಮುಖ್ಯವಾದರೆ ವಿನ್ಯಾಸಕಾರನನ್ನು ದೂಷಿಸುವುದು ಹೇಗೆ? ಗಾಲ್ಫ್ ಮೈದಾನಕ್ಕೆ ಪ್ರಕೃತಿ ಹಿನ್ನೆಲೆಯಾಗಿದ್ದ ಕಾಲ ಹೋಗಿ, ಗೃಹಸ್ಥರ ಕಾಫಿಗೆ ಗಾಲ್ಫ್ ಮೈದಾನ ಹಿನ್ನೆಲೆಯಾಗುವ ಕಾಲ ಬಂದಿದೆ. ಮೇಲಿನಿಂದ ನೋಡುವವರ ಪಾಲಿಗೆ ಕೊಳದಂಚಿನ ಜೊಂಡಿನಲ್ಲಿ ಬಗ್ಗಿ ಚೆಂಡನ್ನು ತಡಕುತ್ತಿರುವ ನಾನು ಕೂಡ, ಆ ಕೊಳದ ಬಾತುಕೋಳಿಗಳ ಹಾಗೆ, ಮನೆಯ ಬೆಲೆಯೊಳಗೆ ಸೇರಿದವನೇ.